ಡ್ರೀಮಾ ಅಮ್ಮನನ್ನು ಹೊರಗೆ ತಂದದ್ದು

ಹೆಂಡತಿಗೆ ಹೊಡೆಯಲು ಲಾಂಜೊ ಪ್ರೇಟರನಿಗೆ ಕಾರಣ ಬೇಕಿರಲಿಲ್ಲ. ಜೋಳದ ರೊಟ್ಟಿ ಸೀದರೂ ಹೊಡೆತ, ಸೀಯದಿದ್ದರೂ ಹೊಡೆತ. ಕಲ್ಲಿದ್ದಲು ಗಣಿ ಮುಚ್ಚಿದ ಮೇಲಂತೂ ಅವನಿಗೆ ಅದೊಂದೇ ಕಸುಬು ಉಳಿಯಿತು. ಕೆಂಟಕಿಯ ಈ ಬೆಟ್ಟದ ಸೀಮೆಯಲ್ಲಿ ಆಂಬುಲೆನ್ಸಿನ ಹಿಂಬದಿಯಲ್ಲಿ ಕೂತು ಕೂತೇ ನನ್ನ ತಲೆ ನರೆತಿದೆ. ಅವನ ಹೆಂಡತಿ ರೀಥಾಳ ಮೂಗು, ಪಕ್ಕೆಲುಬು, ಎಡಗೈ ಮಣಿಕಟ್ಟು, ಎಲ್ಲವನ್ನೂ ಒಂದೊಂದು ಸಲ ನಾನೇ ಕಟ್ಟಿದ್ದೇನೆ. ಪ್ರತಿ ಸಲವೂ ನನ್ನ ಹೆಸರು ಹಿಡಿದು ಅವಳದು ಒಂದೇ ಮಾತು: "ಮೆಟ್ಲಿಂದ ಬಿದ್ದೆ ಹೋಬಿ." ಆ ಮನೆಗಿದ್ದದ್ದು ಮೂರೇ ಮೆಟ್ಟಿಲು. ಯಾರಿಗೆ ಗೊತ್ತಿಲ್ಲ? ಆದರೆ ಅವಳು ಬಾಯಿ ಬಿಡದೆ ಸೀಮೆಯ ಪೊಲೀಸ್ ಮುಖ್ಯಸ್ಥನಾದ ಷರೀಫನೂ ಏನೂ ಮಾಡುವಂತಿರಲಿಲ್ಲ.

ಅವಳ ಮೊದಲ ಗಂಡನ ಮಗಳು ಡ್ರೀಮಾ. ಈಗ ಊರಿನವರು ಅವಳ ವಿಷಯ ಬಾಯಿಗೆ ಬಂದಂತೆ ಆಡುತ್ತಾರೆ, ಹೆತ್ತವಳನ್ನೇ ಹಿಡಿದುಕೊಟ್ಟವಳು ಎನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಆಡುವವರಲ್ಲಿ ಒಬ್ಬನಾದರೂ ಆ ಆಂಬುಲೆನ್ಸಿನಲ್ಲಿ ಇದ್ದನೇ? ನಾನಿದ್ದೆ. ಅದಕ್ಕೇ ಹೇಳುತ್ತೇನೆ.

ನಮ್ಮ ಹೈಸ್ಕೂಲಿನಲ್ಲಿ ಒಂದು ಏರ್ಪಾಡಿದೆ. ಹೈಸ್ಕೂಲು ಓದುತ್ತಲೇ ಕಾಲೇಜಿನ ಪಾಠವನ್ನೂ ತೆಗೆದುಕೊಳ್ಳಬಹುದು. ಪಾಸಾದರೆ ಎರಡೂ ಕಡೆ ಪಾಸು, ಮುಗ್ಗರಿಸಿದರೆ ಎರಡೂ ಕಡೆ ಕಪ್ಪುಚುಕ್ಕೆ. ಇದು ಶುರುವಾದಾಗ ನಾನು ನಕ್ಕಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ನಮ್ಮ ಮಕ್ಕಳು ಹೈಸ್ಕೂಲು ದಾಟುವುದೇ ಕಷ್ಟ, ಇನ್ನು ಕಾಲೇಜು ಬೇರೆ ಎಂದಿದ್ದೆ. ಡ್ರೀಮಾ ಮಾತ್ರ ಹದಿನಾರಕ್ಕೇ ಲೆಕ್ಕ ಹಾಕಿಬಿಟ್ಟಿದ್ದಳು. ಎಲ್ಲರಂತೆ ಮೊದಲು ಹೈಸ್ಕೂಲು, ಆಮೇಲೆ ಕಾಲೇಜು ಎಂದು ಹೋದರೆ ಅವಳು ಸಂಬಳ ಎಣಿಸುವಷ್ಟರಲ್ಲಿ ಅಮ್ಮ ಮಣ್ಣಿನಲ್ಲಿರುತ್ತಾಳೆ. ಈಗಲೇ ಎರಡನ್ನೂ ಮುಗಿಸಿದರೆ ಹದಿನೆಂಟು ತುಂಬಿದ ದಿನ ಆಂಬುಲೆನ್ಸಿನ ಕೆಲಸ, ಪೇಟೆಯಲ್ಲಿ ಒಂದು ಬಾಡಿಗೆ ಮನೆ. ಅಮ್ಮನನ್ನು ಆ ನರಕದಿಂದ ಹೊರಗೆ ತರಬೇಕು. ಅವಳ ತಲೆಯಲ್ಲಿ ಬೇರೆ ಆಸೆಯೇ ಇರಲಿಲ್ಲ.

ಲಾಂಜೊಗೂ ಇದರ ವಾಸನೆ ಬಡಿಯಿತು. ಅವನು ಡ್ರೀಮಾಳನ್ನು ಮುಟ್ಟುತ್ತಿರಲಿಲ್ಲ, ಸ್ಕೂಲಿನವರು ಗಾಯ ನೋಡಿದರೆ ಬಿಡುವುದಿಲ್ಲ ಎಂಬ ಭಯ. ಅದಕ್ಕೆ ಬೇರೆ ದಾರಿ ಕಂಡುಕೊಂಡ. ಅವಳು ಇಂಗ್ಲಿಷ್ ಪಾಠದಲ್ಲಿ ಮೊದಲ ದರ್ಜೆ ತಂದ ದಿನ ರೀಥಾಳ ಮುಖವನ್ನು ಒಲೆಯ ಅಂಚಿಗೆ ಅಪ್ಪಳಿಸಿದ. ಶರೀರಶಾಸ್ತ್ರದಲ್ಲಿ ಪಾಸಾದ ದಿನ ಆ ಪುಸ್ತಕವನ್ನು ಒಲೆಗೆ ಹಾಕಿದ, ತಡೆಯಲು ಹೋದ ರೀಥಾಳ ಕೈಯನ್ನೂ ಅದರ ಜೊತೆಗೇ ತುರುಕಿದ.

"ನೋಡೇ ಕಾಲೇಜಮ್ಮ, ನೀನು ಓದು. ಎಷ್ಟ್ ಬೇಕಾದ್ರೂ ಓದು. ಫೀಸು ನಿಮ್ಮಮ್ಮ ಕಟ್ತಾಳೆ," ಎಂದನಂತೆ.

ಡ್ರೀಮಾ ಮಾರನೆಯ ದಿನ ಸ್ಕೂಲಿಗೆ ಹೋಗದೆ ಮಂಚದ ಮೇಲೆ ಕುಳಿತುಬಿಟ್ಟಳು. ರೀಥಾ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಇನ್ನೊಂದು ಕೈಯಲ್ಲಿ ಮಗಳ ಕೆನ್ನೆಗೆ ಬಾರಿಸಿದಳು.

"ಏಳು. ನೀನು ಬಿಟ್ರೆ ಅವ್ನು ಹೊಡೆಯೋದು ಬಿಡ್ತಾನಾ? ಸುಮ್ನೆ ತಿಂದ ಏಟು ದಂಡ ಆಗುತ್ತೆ. ಹೋಗು, ಬಸ್ಸು ಬರುತ್ತೆ."

ಹಾಗೆ ಓದಿದ ಹುಡುಗಿ. ಕೊನೆಯ ವರ್ಷ ಆಂಬುಲೆನ್ಸ್ ತರಬೇತಿಯ ಪಾಠ ತೆಗೆದುಕೊಂಡಳು. ಕಲಿಯುವವರು ನಮ್ಮ ಗಾಡಿಯಲ್ಲಿ ಸುತ್ತಿ ಕೈ ಪಳಗಿಸಿಕೊಳ್ಳಬೇಕು ಎಂಬುದು ಕಾಲೇಜಿನ ನಿಯಮ, ಅವಳನ್ನು ನನ್ನ ಕೊರಳಿಗೆ ಕಟ್ಟಿದರು. ಮೊದಲ ದಿನವೇ ಗರಗಸಕ್ಕೆ ಸಿಕ್ಕ ಮರಕಡಿಯುವವನ ತೊಡೆ ನೋಡಬೇಕಾಯಿತು. ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಬಂದು ಮತ್ತೆ ರಕ್ತದ ಬಟ್ಟೆಯನ್ನು ಒತ್ತಿ ಹಿಡಿದಳು.

"ಮಧ್ಯಾಹ್ನ ಏನು ತಿಂದಿದ್ದೆ ಮಗಳೇ?" ಎಂದೆ.

"ಹುರುಳಿಕಾಯಿ, ಹೋಬಿ ಮಾಮ. ನಿಮ್ಮ ಬೂಟ್ ಮೇಲೆ ಇದೆ ನೋಡಿ."

ಅವತ್ತೇ ನನಗೆ ಅವಳು ಹಿಡಿಸಿದಳು.

ವಸಂತ ಬಂತು. ಪಾಠ ಮುಗಿಯುತ್ತ ಬಂದಿತ್ತು, ಪರೀಕ್ಷೆಯೊಂದು ಬಾಕಿ. ಮಧ್ಯಾಹ್ನ ನಾನು, ಡ್ರೀಮಾ, ಡ್ರೈವರ್ ಬರ್ಲ್ ಪೆಟ್ರೋಲ್ ಬಂಕಿನ ಎದುರು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ರೇಡಿಯೊ ಕರೆಯಿತು. ಪ್ರೇಟರ್ ಮನೆ, ಹೆಂಗಸಿಗೆ ಪೆಟ್ಟು. ಡ್ರೀಮಾ ಸ್ಯಾಂಡ್‌ವಿಚ್ ಎಸೆದು ಗಾಡಿ ಹತ್ತಿದಳು.

ಅಲ್ಲಿ ಆದದ್ದು ಇಷ್ಟು. ನಮ್ಮ ಕಡೆ ಉಪ್ಪಿಲ್ಲದ ಅಡುಗೆಮನೆ ಇದ್ದೀತು, ಸ್ಕ್ಯಾನರ್ ಇಲ್ಲದ ಅಡುಗೆಮನೆ ಇಲ್ಲ. ಪೊಲೀಸರೂ ಆಂಬುಲೆನ್ಸಿನವರೂ ರೇಡಿಯೊದಲ್ಲಿ ಆಡುವ ಮಾತೆಲ್ಲ ಆ ಪೆಟ್ಟಿಗೆಯಲ್ಲಿ ಕೇಳುತ್ತದೆ. ಯಾರ ಮನೆಯಲ್ಲಿ ಏನಾಯಿತು ಎಂದು ತಿಳಿಯಲು ಜನ ಬೆಳಗಿನಿಂದ ಅದನ್ನು ಹಾಕಿಕೊಂಡೇ ಇರುತ್ತಾರೆ. ಅವತ್ತು ಲಾಂಜೊ ಒದ್ದ ಒದೆತಕ್ಕೆ ರೀಥಾಳಿಗೆ ಉಸಿರು ಕಟ್ಟಿತು. ಜನ್ಮದಲ್ಲಿ ಮೊದಲ ಸಲ ಮಲಗುವ ಕೋಣೆಯ ಚಿಲಕ ಹಾಕಿಕೊಂಡು, ಕಂಬಳಿಯೊಳಗೆ ತಲೆ ಹುದುಗಿಸಿ, ಪಿಸುದನಿಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಮಗಳು ಆಂಬುಲೆನ್ಸಿನಲ್ಲಿ ಇರುತ್ತಾಳೆ ಎಂಬ ಧೈರ್ಯ. ಆದರೆ ತನ್ನದೇ ಒಲೆಯ ಪಕ್ಕದಲ್ಲಿ ಸ್ಕ್ಯಾನರ್ ಒದರುತ್ತಿದೆ ಎಂಬುದನ್ನು ಆ ಪುಣ್ಯಾತ್ಗಿತ್ತಿ ಮರೆತಿದ್ದಳು. ಕರೆ ತೆಗೆದುಕೊಂಡವರು ನಮಗೆ ರೇಡಿಯೊದಲ್ಲಿ ತಿಳಿಸಿದರು, ಅವಳು ಪಿಸುಗುಟ್ಟಿದ್ದನ್ನು ಸ್ಕ್ಯಾನರ್ ಅಡುಗೆಮನೆಯಲ್ಲಿ ಕೂತಿದ್ದ ಲಾಂಜೊಗೆ ಗಟ್ಟಿಯಾಗಿ ಹೇಳಿತು.

ಅವನು ಬಾಗಿಲು ಒಡೆದ. ಕೂದಲು ಹಿಡಿದು ಅಡುಗೆಮನೆಗೆ ದರದರ ಎಳೆದು ತಂದ. "ಬಾ, ನಿನ್ನ ಹೆಸರು ರೇಡಿಯೋದಲ್ಲಿ ಬರ್ತಿದೆ, ಕೇಳ್ಬಾ," ಎಂದು ಅವಳ ಮುಖವನ್ನು ಸ್ಕ್ಯಾನರಿಗೆ ಕುಟ್ಟತೊಡಗಿದ. ಅವಳ ಕೈಗೆ ಕಬ್ಬಿಣದ ಕಾವಲಿ ಸಿಕ್ಕಿತು. ಮೊದಲ ಏಟಿಗೇ ಅವನು ಮಂಡಿಯೂರಿದ. ಆಮೇಲಿನ ಏಟುಗಳ ಲೆಕ್ಕ ಅವಳಿಗೂ ಗೊತ್ತಿಲ್ಲ.

ನಾವು ಹೋದಾಗ ಅವನು ನೆಲದ ಮೇಲೆ ಬಿದ್ದಿದ್ದ, ತಲೆಯ ಒಂದು ಬದಿ ಒಳಕ್ಕೆ ಹೋಗಿತ್ತು. ರೀಥಾ ಹಲ್ಲು ಉಗುಳುತ್ತ ಗೋಡೆಗೆ ಒರಗಿದ್ದಳು. ಗಾಡಿಯಲ್ಲೇ ಇರು ಎಂದು ಡ್ರೀಮಾಗೆ ಹೇಳಿದ್ದೆ. ನನ್ನ ಮಾತು ಯಾರಿಗೆ ಬೇಕು? ಬಂದವಳು ಅಮ್ಮನನ್ನು ಒಮ್ಮೆ ನೋಡಿದಳು, ಉಸಿರಾಡುತ್ತಿದ್ದಾಳೆ, ನಿಲ್ಲಬಲ್ಲಳು. ಅಷ್ಟು ನೋಡಿಕೊಂಡು ನೇರ ಲಾಂಜೊನ ತಲೆಯ ಹತ್ತಿರ ಕುಳಿತಳು. ಅವನ ಗಂಟಲಲ್ಲಿ ರಕ್ತ ಗೊರಗುಟ್ಟುತ್ತಿತ್ತು. ಅದನ್ನು ಕೊಳವೆ ಹಾಕಿ ಹೀರಿ ತೆಗೆದಳು, ದವಡೆ ಎತ್ತಿ ಹಿಡಿದಳು, ಉಸಿರಿನ ಚೀಲ ಕಟ್ಟಿ ಒತ್ತತೊಡಗಿದಳು.

ದಾರಿಯುದ್ದಕ್ಕೂ ತಿರುವು. ನಾನು ರಕ್ತ ನಿಲ್ಲಿಸುವುದರಲ್ಲಿದ್ದೆ, ಉಸಿರು ಪೂರ್ತಿ ಅವಳ ಕೈಯಲ್ಲಿತ್ತು. ಚೀಲ ಒತ್ತಿದರೆ ಅವನ ಎದೆ ಏಳುತ್ತದೆ, ಬಿಟ್ಟರೆ ಸತ್ತ. ಮುಂದೆ ಬರ್ಲ್ ಪಕ್ಕ ಕೂತಿದ್ದ ರೀಥಾ ಆ ಮುರಿದ ಬಾಯಲ್ಲೇ ಹಿಂದಕ್ಕೆ ತಿರುಗಿದಳು.

"ಡ್ರೀಮಾ. ಬಿಟ್ಬಿಡೇ. ಕೈ ನಿಲ್ಸು."

ಡ್ರೀಮಾ ಒತ್ತುತ್ತಿದ್ದಳು.

"ಯಾರೂ ಕೇಳಲ್ಲ ಕಣೇ. ಹೋಬಿ ಹೇಳಲ್ಲ, ಬರ್ಲ್ ಹೇಳಲ್ಲ. ಹೆತ್ತವಳು ಕೇಳ್ತಿದೀನಿ. ಕೈ ನಿಲ್ಸು."

ನಿಜ ಹೇಳುತ್ತೇನೆ, ಅವಳು ನಿಲ್ಲಿಸಿದ್ದರೆ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅವಳು ನಿಲ್ಲಿಸಲಿಲ್ಲ. ಕಣ್ಣೀರು ಅವನ ಹಣೆಯ ಮೇಲೆ ಬೀಳುತ್ತಿತ್ತು, ಕೈ ಮಾತ್ರ ಒಂದೇ ಸಮ ಒತ್ತುತ್ತಿತ್ತು. ಆಸ್ಪತ್ರೆ ತಲುಪಿದಾಗ ಅವನು ಬದುಕಿದ್ದ. ಹೊರಗೆ ಕೈ ತೊಳೆಯುವಾಗ ನಾನು ಸಿಟ್ಟಿನಿಂದ ಕೇಳಿದೆ, ಅಂಥ ನಾಯಿಗೆ ಯಾಕೆ ಉಸಿರು ಕೊಟ್ಟೆ ಎಂದು.

"ಅವ್ನು ಸತ್ರೆ ಅಮ್ಮ ಕೊಲೆಗಾತಿ ಆಗ್ತಿದ್ಲು ಹೋಬಿ ಮಾಮ. ಆ ಮನೆಯಿಂದ ತೆಗೆದು ಜೈಲಲ್ಲಿ ಹಾಕಕ್ಕಾ ನಾನು ಓದ್ತಿರೋದು?"

ಪ್ರಾಣ ಉಳಿಸಿಕೊಳ್ಳಲು ಹೊಡೆದಳು ಎಂದು ರೀಥಾಳನ್ನು ಬಿಟ್ಟರು. ಮೇ ತಿಂಗಳಲ್ಲಿ ಡ್ರೀಮಾ ಕಾಲೇಜಿನ ಸರ್ಟಿಫಿಕೇಟನ್ನು ಮೊದಲು ತೆಗೆದುಕೊಂಡು, ಆಮೇಲೆ ಹೈಸ್ಕೂಲಿನದನ್ನು ತೆಗೆದುಕೊಂಡಳು. ಹದಿನೆಂಟು ತುಂಬಿತ್ತು, ನಮ್ಮ ಜೊತೆಗೇ ಕೆಲಸಕ್ಕೆ ಸೇರಿದಳು. ಪೇಟೆಯಲ್ಲಿ ಬಟ್ಟೆ ಒಗೆಯುವ ಅಂಗಡಿಯ ಹಿಂದೆ ಮನೆ ಹಿಡಿದು, ಅಮ್ಮನಿಗೊಂದು ಮಂಚ ಹಾಕಿದಳು. ಹಾಕಿದ್ದಷ್ಟೇ. ಲಾಂಜೊನ ಅರ್ಧ ಮೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ರೀಥಾ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದಳು.

"ನಾನಿಲ್ದಿದ್ರೆ ಅವ್ನಿಗೆ ನೀರು ಕುಡಿಸೋರ್ಯಾರು? ಬರಲ್ಲ, ಹೋಗು," ಎಂದು ಮಗಳನ್ನು ಪ್ರತಿ ಸಲ ಅಂಗಳದಿಂದಲೇ ಕಳಿಸುತ್ತಿದ್ದಳು. ಎಂಥ ಸಾಧ್ವಿ ಎಂದು ಚರ್ಚಿನಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು.

ಎಲೆ ಉದುರುವ ಕಾಲಕ್ಕೆ ರೀಥಾಳೇ ಕರೆ ಮಾಡಿದಳು. ಲಾಂಜೊ ಮಂಚದಿಂದ ಬಿದ್ದಿದ್ದಾನೆ, ಎತ್ತಲು ಆಗುತ್ತಿಲ್ಲ. ನಾನೂ ಡ್ರೀಮಾಳೂ ಹೋಗಿ ಅವನ ಕಂಕುಳಿಗೆ ಕೈ ಹಾಕಿ ಎತ್ತಿದೆವು. ಅಂಗಿ ಮೇಲೆ ಸರಿಯಿತು. ಬೆನ್ನ ತುಂಬ ಬೆಲ್ಟಿನ ಬರೆ, ಹಳೆಯದರ ಮೇಲೆ ಹೊಸದು. ಪಕ್ಕೆಯಲ್ಲಿ ಕಾದ ಕಾವಲಿ ಒತ್ತಿದ ಸುಟ್ಟ ಗಾಯ ಕೀವು ಕಟ್ಟಿತ್ತು. ಬಲಗೈಯ ಎರಡು ಬೆರಳು ತಿರುಚಿ ಮುರಿದಿದ್ದವು. ಅವನು ಅಷ್ಟು ಎತ್ತರದ ಆಳು, ಈಗ ಒಣಗಿದ ಸೌದೆಯಷ್ಟು ಹಗುರ.

ರೀಥಾ ಕಾಫಿ ಕುಡಿಯುತ್ತ ಕುಳಿತಿದ್ದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ಲಾಂಜೊನ ಬಾಯಿಂದ ಜೊಲ್ಲು ಸುರಿದು ಹೊದಿಕೆಗೆ ಬಿತ್ತು. ಅವಳು ಎದ್ದುಬಂದು ನಮ್ಮೆದುರೇ ಮರದ ಸೌಟಿನಿಂದ ಅವನ ಬಾಯ ಮೇಲೆ ಬಾರಿಸಿದಳು.

"ಏನು ನೋಡ್ತೀರಾ? ಈಗ ನನ್ನ ಸರದಿ," ಎಂದಳು.

ಡ್ರೀಮಾ ಹೊರಗೆ ಬಂದಳು, ನಾನೂ ಹಿಂದೆಯೇ ಬಂದೆ. ಕೈಲಾಗದವರ ಮೈಮೇಲೆ ಇಂಥ ಗಾಯ ಕಂಡರೆ ನಾವು ತಿಳಿಸಲೇಬೇಕು, ಅದು ಕಾನೂನು. ಆದರೆ ಈ ಬೆಟ್ಟದಲ್ಲಿ ಕಾನೂನಿಗಿಂತ ಹಳೆಯದೊಂದಿದೆ: ರಕ್ತಸಂಬಂಧಿಯನ್ನು ಷರೀಫನಿಗೆ ಕೊಡುವುದಿಲ್ಲ.

"ನೀನು ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ಬಿಟ್ಬಿಡು. ಬಾ ಹೋಗೋಣ," ಎಂದೆ.

"ನಾನು ನೋಡಿದೀನಿ ಹೋಬಿ ಮಾಮ."

"ಅವ್ನಿಗೋಸ್ಕರ ಅಮ್ಮನ್ನ ಕೊಡ್ತೀಯಾ? ತಲೆ ಕೆಟ್ಟಿದೆಯಾ ನಿನಗೆ?"

"ಅವ್ನು ಹಾಳಾಗಿ ಹೋಗ್ಲಿ. ಆ ಕೀವು ನೋಡಿದ್ರಲ್ಲ, ಇನ್ನೊಂದು ತಿಂಗಳಲ್ಲಿ ಸಾಯ್ತಾನೆ. ಇವತ್ತು ಜೈಲಿಗೆ ಹೋದ್ರೆ ಅಮ್ಮ ಒಂದಿನ ವಾಪಸ್ ಬರ್ತಾಳೆ. ಅವ್ನು ಸತ್ತ ಮೇಲೆ ಹೋದ್ರೆ ಬರಲ್ಲ. ಅವ್ನಿರೋವರೆಗೂ ಅವಳು ತಾನಾಗೇ ಈ ಮನೆ ಬಿಡಲ್ಲ, ನಿಮಗೂ ಗೊತ್ತು."

ಅವಳು ಅಲ್ಲೇ ನಿಂತು ಷರೀಫನಿಗೆ ಫೋನ್ ಮಾಡಿದಳು. ಮಾತು ಒಂದು ಸಲವೂ ತಡವರಿಸಲಿಲ್ಲ.

ಷರೀಫನ ಆಳುಗಳು ಬಂದರು. ರೀಥಾ ಕಿರುಚಿದಳು, ಒಬ್ಬನ ಕೈ ಕಚ್ಚಿದಳು, ಬಾಗಿಲಿನ ಚೌಕಟ್ಟನ್ನು ತಬ್ಬಿ ಹಿಡಿದಳು. ಉಗುರು ಕಿತ್ತುಬರುವ ಹಾಗೆ ಎಳೆದು, ಕೈಗೆ ಕೋಳ ಹಾಕಿ, ಮೂರು ಮೆಟ್ಟಿಲು ಇಳಿಸಿದರು. ಕಾರಿನ ಬಳಿ ಅವಳು ಮಗಳ ಎದುರು ನಿಂತಳು.

"ಹೊಡೆದೋನ್ನ ಬದುಕಿಸಿದೆ. ಹೊಡೆಸ್ಕೊಂಡೋಳ್ನ ಹಿಡ್ಕೊಟ್ಟೆ. ಇದನ್ನ ಕಲೀಲಿ ಅಂತಾನಾ ನಾನು ಏಟು ತಿಂದು ನಿನ್ನ ಕಾಲೇಜಿಗೆ ಕಳಿಸಿದ್ದು?"

"ಹೂಂ, ಅಮ್ಮ," ಎಂದಳು ಡ್ರೀಮಾ.

ಚಳಿ ಗಾಳಿ ಬೀಸುತ್ತಿತ್ತು. ಕೋಳ ಬಿದ್ದ ಕೈಯಿಂದ ರೀಥಾಗೆ ಕೋಟು ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಡ್ರೀಮಾ ಬಾಗಿ ಒಂದೊಂದೇ ಗುಂಡಿ ಹಾಕಿದಳು. ಕತ್ತಿನ ಗುಂಡಿಗೆ ಬಂದಾಗ ರೀಥಾ ಅವಳ ಮುಖಕ್ಕೆ ಉಗುಳಿದಳು. ಡ್ರೀಮಾ ಆ ಗುಂಡಿಯನ್ನೂ ಹಾಕಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಲಾಂಜೊನ ಗಾಯ ತೊಳೆಯಲು ಒಳಗೆ ಹೋದಳು.