ಎರಡನೇ ಸಲ ನೀರು ಹಾಕುವುದಿಲ್ಲ

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿ ಇಪ್ಪತ್ತೆರಡು ವರ್ಷವಾಯಿತು. ದಿನಾ ಬ್ರಹ್ಮಾವರದಿಂದ ಬಸ್ಸು. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡ ಮೇಲೆ ಇಗರ್ಜಿಗೆ, ಅಂದರೆ ನಮ್ಮ ಚರ್ಚಿಗೆ, ಹೋಗುವುದು ನಿಂತುಹೋಗಿತ್ತು. ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ, ಅಷ್ಟೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ, ಜೊತೆಯವಳು ರಜೆ ಹಾಕಿದ್ದರಿಂದ ಬೆಳಗಿನ ಪಾಳಿ ಮುಗಿದರೂ ನನ್ನನ್ನು ಬಿಟ್ಟಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಬೈಂದೂರು ಕಡೆಯ ಹೆಂಗಸೊಬ್ಬಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡುಮಗು, ಉಸಿರು ಸರಿಯಾಗಿ ಎಳೆಯುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕೆಂದು ಡಾಕ್ಟರು ಆಂಬುಲೆನ್ಸ್ ಕರೆಸಲು ಹೋದರು.

ಮಲಗಿದ್ದ ತಾಯಿ ನನ್ನ ಕುತ್ತಿಗೆಯ ಶಿಲುಬೆಯನ್ನು ಕಂಡಿದ್ದಳು.

"ಸಿಸ್ಟರ್, ನೀವು ನಮ್ಮವರೇ ಅಲ್ವಾ? ಪಾದ್ರಿಗಳು ಬರುವಷ್ಟು ಹೊತ್ತಿಲ್ಲ. ನೀವೇ ಮಗುವಿಗೆ ಜ್ಞಾನಸ್ನಾನ ಕೊಡಿ."

ತಲೆಗೆ ನೀರು ಹೊಯ್ದು ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ಆ ಸಂಸ್ಕಾರವನ್ನು ಪಾದ್ರಿಗಳೇ ಕೊಡುವುದು ರೂಢಿ. ಪ್ರಾಣಾಪಾಯವಿದ್ದರೆ ಯಾರು ಬೇಕಾದರೂ ಕೊಡಬಹುದೆಂದು ಚಿಕ್ಕಂದಿನಲ್ಲಿ ಕಲಿಸಿದ್ದರು. ಆ ಯಾರೋ ನಾನೇ ಆದೇನೆಂದು ಎಣಿಸಿರಲಿಲ್ಲ.

"ನಾನು ಪ್ರಾರ್ಥನೆ ಮಾಡಿಯೇ ಎಷ್ಟೋ ಕಾಲವಾಯ್ತಮ್ಮ" ಎಂದೆ.

"ನನಗೂ ಈಗ ಬಾಯಿಗೆ ಏನೂ ಬರ್ತಾ ಇಲ್ಲ ಸಿಸ್ಟರ್."

ಪಕ್ಕದಲ್ಲಿ ನಿಂತಿದ್ದ ಆಯಾ ಗಂಗೊಳ್ಳಿಯ ಮೀನುಗಾರರ ಮನೆಯವಳು. "ಅಕ್ಕಾ, ಎಂತ ನೋಡ್ತ್ರಿ? ನಾ ತಲಿ ಹಿಡ್ಕಂತೆ, ನೀವ್ ಬೇಗ ಮಾಡಿ" ಎಂದಳು.

ಕಾಯಿಸಿ ಆರಿಸಿದ ನೀರನ್ನು ಸ್ಟೀಲ್ ಬಟ್ಟಲಿಗೆ ಬಗ್ಗಿಸಿಕೊಂಡೆ. ಹೆಸರು ಕೇಳಿದೆ, ತಾಯಿ ಹೇಳಿದಳು. ಪಿತನ, ಪುತ್ರನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎನ್ನುತ್ತ ಮೂರು ಸಲ ನೆತ್ತಿಗೆ ಒಂದಿಷ್ಟು ಹೊಯ್ದೆ. ಭಕ್ತಿ ಗಿಕ್ತಿ ಏನೂ ಬರಲಿಲ್ಲ. ಅಂಗಾಲು ಉರಿಯುತ್ತಿತ್ತು. ಆಂಬುಲೆನ್ಸ್ ಬಂದರೆ ಸಾಕಪ್ಪಾ ಎಂದಷ್ಟೇ ಮನಸ್ಸಿನಲ್ಲಿದ್ದದ್ದು. ಮಗುವಿಗೆ ಥಂಡಿ ಹಿಡಿಯಬಾರದೆಂದು ಆಯಾ ಕೂಡಲೇ ನೆತ್ತಿ ಒರೆಸಿದಳು.

ಮಗು ಬದುಕಿತು. ಒಂದೂವರೆ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಹೋಯಿತು. ಮುಂದೆ ಉಳಿದ ವಿಧಿಗಳಿಗಾಗಿ ಅದನ್ನು ಅವರ ಇಗರ್ಜಿಗೆ ಕರೆತರುವ ದಿನ ನನ್ನನ್ನೂ ಆಯಾಳನ್ನೂ ಕರೆದರು. ಪಾದ್ರಿಗಳು ಮಗುವಿಗೆ ಎಣ್ಣೆ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಮೇಣದಬತ್ತಿ ಹೊತ್ತಿಸಿ ಕೊಟ್ಟರು. ಜ್ಞಾನಸ್ನಾನದ ನೀರಿನ ತೊಟ್ಟಿಯ ಹತ್ತಿರ ಮಾತ್ರ ಹೋಗಲಿಲ್ಲ. ಮಗುವಿನ ಅಜ್ಜಿಗೆ ತಡೆಯಲಾಗಲಿಲ್ಲ.

"ಫಾದರ್, ನೀರು?"

"ಅದು ಆಗಿದೆಯಲ್ಲಮ್ಮ. ಎರಡನೇ ಸಲ ಹಾಕುವುದಿಲ್ಲ."

"ನರ್ಸಮ್ಮ ಹಾಕಿದ್ದು ಸಾಕಾಗ್ತದಾ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ. ಹಿಂದಿನಿಂದ ಆಯಾಳ ದನಿ ಕೇಳಿಸಿತು: "ಮೂರ್ ಸಲ ಹಾಕಿರ್, ನಾ ಕಂಡಿದೆ. ತಲಿ ಹಿಡ್ಕಂಡದ್ದೇ ನಾನ್!" ಪಾದ್ರಿಗಳೂ ನಕ್ಕುಬಿಟ್ಟರು.

ಜನ ಊಟಕ್ಕೆ ಹೊರಟಾಗ ನಾನು ಪಾದ್ರಿಗಳ ಹತ್ತಿರ ಹೋಗಿ, ಇಗರ್ಜಿಗೆ ಹೋಗುವುದನ್ನು ಬಿಟ್ಟದ್ದೂ ಸೇರಿ ಇದ್ದದ್ದನ್ನು ಹೇಳಿಕೊಂಡೆ. "ಆಗ ನನ್ನಲ್ಲಿ ವಿಶ್ವಾಸ ಇರಲಿಲ್ಲ ಫಾದರ್. ಸುಸ್ತು ಮಾತ್ರ ಇತ್ತು."

"ಆ ತಾಯಿ ಕೇಳಿದ್ದನ್ನು ಕೊಡಬೇಕು ಅಂತ ಇತ್ತಾ?"

"ಅದು ಇತ್ತು."

"ಸಾಕು. ಕೊಟ್ಟದ್ದು ನೀವಲ್ಲ, ದೇವರು. ನೀವು ಕೂಸಾಗಿದ್ದಾಗ ನಿಮ್ಮ ತಲೆಗೂ ನೀರು ಬಿತ್ತಲ್ಲ, ಆಗ ನಿಮಗೇನು ಗೊತ್ತಿತ್ತು ಹೇಳಿ? ನೀವು ಇಗರ್ಜಿಗೆ ಬರದಿದ್ದರೂ, ಮರೆತೇಬಿಟ್ಟರೂ ಅದು ಅಳಿಸುವುದಿಲ್ಲ."

ನನಗೆ ಅಳುವೇನೂ ಬರಲಿಲ್ಲ. ಹತ್ತಿರದ ಬೆಂಚಿನ ಮೇಲೆ ಕುಳಿತೆ. ಮನಸ್ಸು ಮೊದಲಿನಂತಾದ ಮೇಲೆಯೇ ಇಗರ್ಜಿಗೆ ಬರಬೇಕು, ಹೀಗೆ ಒಣಗಿದ ಮುಖ ಹೊತ್ತು ಬರಬಾರದು ಎಂದು ನಾನು ಅಷ್ಟು ವರ್ಷ ಎಣಿಸಿಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ.

ಈಗಲೂ ದಣಿವು ಹೋಗಿಲ್ಲ, ಪ್ರತಿ ವಾರ ಹೋಗುವುದೂ ಇಲ್ಲ. ಡ್ಯೂಟಿ ಇಲ್ಲದ ಭಾನುವಾರ ಹೋಗಿ ಗೋಡೆಗೊರಗಿ ಕೂರುತ್ತೇನೆ. ಪಾದ್ರಿಗಳ ಪ್ರವಚನದ ನಡುವೆ ಕೆಲವು ಸಲ ತೂಕಡಿಕೆ ಬರುತ್ತದೆ, ಪಕ್ಕದವಳು ಮೊಣಕೈಯಿಂದ ತಿವಿಯುತ್ತಾಳೆ.