ಮೆಕ್ಕೆಜೋಳಕ್ಕೆ ನೇಲ್ ಪಾಲಿಷ್

ನೀರು ಕಡಿಮೆಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ, ಅದು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸಿ ಒಳಗಿರುವ ನೀರನ್ನು ಉಳಿಸುತ್ತದೆ ಎಂದು ಜಗಳೂರಿನ ಕಾಲೇಜಿನಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ನನ್ನದೇ ಮೆಕ್ಕೆಜೋಳ ಬಿಸಿಲಿಗೆ ಎಲೆ ಸುರುಳಿ ಸುತ್ತಿಕೊಂಡು ನಿಂತರೆ ಮಾತ್ರ ಆ ಪಾಠದ ಒಂದಕ್ಷರವನ್ನೂ ನಂಬುವುದಿಲ್ಲ.

ಈ ಸಲ ಮಳೆ ನಡುವೆ ಕೈಕೊಟ್ಟಿತು. ಅಣ್ಣನಿಗೂ ನನಗೂ ಒಂದೇ ಬೋರು. ಪಾಳಿಯ ಮೇಲೆ ನೀರು. ಅಂದು ನನ್ನ ಪಾಳಿ. ಬೆಳಿಗ್ಗೆಯೇ ಅತ್ತಿಗೆ ಬಂದರು.

"ನಮ್ ಶೇಂಗಾ ಹೂವಿಗೆ ಬಂದೈತೆ ಕಣಪ್ಪ. ಈಗ ನೀರು ತಪ್ಪಿದ್ರೆ ಕಾಯೇ ಕಟ್ಟಲ್ಲ. ನಿನ್ ಜೋಳ ಇನ್ನೂ ಮೊಣಕಾಲುದ್ದ, ತಡ್ಕಂತೈತೆ. ಇವತ್ತಿನ ಪಾಳಿ ನಮಗೆ ಬಿಡು."

ಮಧ್ಯಾಹ್ನ ಹೇಳುತ್ತೇನೆ ಎಂದೆ. ಯಾವುದಕ್ಕೂ ತಕ್ಷಣ ಹೂಂ ಎಂದವನಲ್ಲ ನಾನು, ಮದುವೆಗೂ.

ಬದುವಿನ ಮೇಲೆ ಅತ್ತಿಂದಿತ್ತ ಅಲೆದು, ತಡೆಯಲಾರದೆ ಹೆಂಡತಿಯ ನೇಲ್ ಪಾಲಿಷ್ ತಂದೆ. ಎಲೆಗೆ ಸವರಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಕಿತ್ತರೆ ರಂಧ್ರಗಳ ಅಚ್ಚು ಬರುತ್ತದೆ. ಅತ್ತಿಗೆಯ ಕಣ್ಣಿಗೆ ಬಿದ್ದೆ.

"ಯಪ್ಪಾ, ನೀರು ಕೇಳಿದ್ರೆ ಬಣ್ಣ ಹಚ್ತಾ ಕುಂತೀಯಲ್ಲೋ! ಜೋಳನೇನು ಗಂಡಿನ ಕಡೇರು ನೋಡಾಕೆ ಬರ್ತಾರಾ?"

"ಬಾಯಿ ಮುಚ್ಚೈತೋ ಇಲ್ಲೋ ನೋಡಾಕೆ, ಅತ್ತಿಗೆ."

"ಯಾರ್ದು, ನಂದಾ?"

"ಎಲೆದು."

ಕಾಲೇಜಿಗೆ ಓಡಿ ಆ ಅಚ್ಚನ್ನು ಗಾಜಿನ ಪಟ್ಟಿಗೆ ಅಂಟಿಸಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಬಹುತೇಕ ರಂಧ್ರಗಳು ಮುಚ್ಚಿದ್ದವು. ಹಾರ್ಮೋನು ತನ್ನ ಕೆಲಸ ಮಾಡಿತ್ತು. ನನ್ನ ಸಮಾಧಾನ ಪ್ರಯೋಗಾಲಯದ ಬಾಗಿಲಿನವರೆಗೂ ಬಾಳಲಿಲ್ಲ. ನೀರು ಉಳಿಯಿತು, ಸರಿ. ಆದರೆ ಮುಚ್ಚಿದ ರಂಧ್ರದೊಳಗೆ ಗಾಳಿಯೂ ಹೋಗದು, ಗಾಳಿಯಿಲ್ಲದೆ ಗಿಡ ಆಹಾರ ತಯಾರಿಸದು. ಬಾಯಾರಿಕೆಯಿಂದ ಪಾರಾಗಿ ಹಸಿವಿನಿಂದ ಸೊರಗಿದರೆ? ಎಷ್ಟು ದಿನ ತಡೆದೀತು? ಆ ಪ್ರಶ್ನೆಗೆ ಉತ್ತರ ಆ ಗಾಜಿನ ಪಟ್ಟಿಯ ಮೇಲಿರಲಿಲ್ಲ. ಶೇಂಗಾ ಮಾತ್ರ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಫೋನು ಮಾಡಿದೆ. "ಅತ್ತಿಗೆ, ನೀರು ತಿರುಗಿಸ್ಕೊಳ್ರಿ." ಮನಸ್ಸು ಬದಲಾಗುವ ಮೊದಲೇ ಫೋನು ಇಟ್ಟುಬಿಟ್ಟೆ.

ಸಂಜೆ ಹೊಲಕ್ಕೆ ಹೋದಾಗ ಶೇಂಗಾ ಸಾಲುಗಳಲ್ಲಿ ನೀರು ಹರಿಯುತ್ತಿತ್ತು. ಬಿಸಿಲು ಇಳಿದಿದ್ದರಿಂದ ನನ್ನ ಜೋಳದ ಎಲೆಗಳು ಬಿಚ್ಚಿಕೊಂಡಿದ್ದವು. ಆದರೂ ಒಂದೊಂದನ್ನೇ ಮುಟ್ಟಿ ನೋಡುತ್ತಾ ನಡೆದೆ. ಈ ಸಾಲು ಸರಿ, ಆ ಮೂಲೆಯದು?

ಅತ್ತಿಗೆ ಸಲಿಕೆ ಊರಿ ನಿಂತು ಕೂಗಿದರು: "ಮುಂದಿನ ನಮ್ ಪಾಳಿ ನೀನೇ ತಗಳಪ್ಪ! ಈಗ ಮನಿಗೆ ಹೋಗು. ನೀನು ಹಿಂಗೆ ಅಡ್ಡಾಡಿದ್ರೆ ನಿನ್ ಮಕ ನೋಡೇ ಬಾಡ್ತೈತೆ ಅದು."

ಹೋದೆ, ಇನ್ನೊಂದು ಸುತ್ತು ಹಾಕಿ.