ಬದರಿನಾಥರ ಹನ್ನೊಂದು ಕಿಲೋಮೀಟರ್

ಎಲಿಕಾಟ್ ಸಿಟಿಯಲ್ಲಿ ನಮ್ಮ ಎದುರು ಮನೆಯ ಬದರಿನಾಥ ರೇಷ್ಮೆಹುಳುವಿನ ವಿಜ್ಞಾನಿ. ಅವರಲ್ಲಿ ಊಟಕ್ಕೆ ಹೋದವರು ಜಪಾನಿನ ಹಿನೊಸಾವ ರೈಲುಮಾರ್ಗದ ಚರಿತ್ರೆಯನ್ನೂ ಬಡಿಸಿಕೊಳ್ಳಬೇಕು. ಉದ್ದ ಹನ್ನೊಂದು ಕಿಲೋಮೀಟರ್, ನಿಲ್ದಾಣ ಐದು. ಬೆಟ್ಟದ ಹಳ್ಳಿಗಳಿಂದ ಗಿರಣಿಗೆ ರೇಷ್ಮೆಗೂಡು ಸಾಗಿಸಲು 1924ರಲ್ಲಿ ಹಾಕಿದ ಹಳಿ. ಗಿರಣಿ ಮುಚ್ಚಿದ ಮೇಲೆ ಶಾಲೆಯ ಮಕ್ಕಳು ಹತ್ತಿದರು. ಮಕ್ಕಳು ಕಡಿಮೆಯಾದ ಮೇಲೆ ಆಸ್ಪತ್ರೆಗೆ ಹೋಗುವ ಮುದುಕಿಯರು. 1971ರಲ್ಲಿ ಮೈಸೂರಿನಿಂದ ತರಬೇತಿಗೆ ಹೋದ ಬದರಿನಾಥ ಎರಡು ವರ್ಷ ಆ ಒಂಟಿ ಡಬ್ಬಿಯ ರೈಲಿನಲ್ಲಿ ಓಡಾಡಿದ್ದರು. ಹೆಂಡತಿ ಕಾತ್ಯಾಯಿನಿಯ ಹುಟ್ಟುಹಬ್ಬ ಅವರಿಗೆ ನೆನಪಿರುವುದಿಲ್ಲ. ಮೂರನೆಯ ನಿಲ್ದಾಣಕ್ಕೆ ಹೆಂಚು ಹೊದಿಸಿದ ವರ್ಷ ನೆನಪಿದೆ.

1997ರ ಮಾರ್ಚ್‌ನಲ್ಲಿ ಹಿನೊಸಾವದಿಂದ ಕಾಗದ ಬಂತು: ತಿಂಗಳ ಕೊನೆಯ ಶನಿವಾರ ಕಡೆಯ ರೈಲು, ಆಮೇಲೆ ಮಾರ್ಗ ಬಂದ್. ಅದರಲ್ಲಿ ಕೂತೇ ತೀರಬೇಕೆಂದು ಬದರಿನಾಥ ವಿಮಾನದ ಟಿಕೆಟ್ ತೆಗೆದರು. ಗುರುವಾರ ಮಧ್ಯಾಹ್ನ ಎರಡಕ್ಕೆ ಮನೆ ಬಿಡಬೇಕು.

"ಎರಡಕ್ಕೆ ರಾಹುಕಾಲ ಕಣ್ರೀ," ಎಂದರು ಕಾತ್ಯಾಯಿನಿ.

"ಏರ್‌ಲೈನ್‌ಗೆ ಫೋನ್ ಮಾಡು. ನೀನು ಹೇಳಿದ್ರೆ ಪೋಸ್ಟ್‌ಪೋನ್ ಮಾಡ್ತಾರೆ."

"ಜೋಕು ಸಾಕು. ಪರಸ್ಥಾನ ಇಡೋಣ."

ಕೆಟ್ಟ ಹೊತ್ತು ಬರುವ ಮೊದಲೇ ಪ್ರಯಾಣದ ಚೀಲವೊಂದನ್ನು ಬೇರೆಯವರ ಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ. ಬೆಳಿಗ್ಗೆ ಹತ್ತಕ್ಕೆ ಕಾತ್ಯಾಯಿನಿ ನಮ್ಮ ಮನೆಗೆ ಕೈಚೀಲ ತಂದರು.

"ಬರೀ ಬಟ್ಟೆ ಇಟ್ರೆ ಬಟ್ಟೆ ಮಾತ್ರ ಹೊರಟ ಹಾಗೆ, ಅಲ್ವಾ ಮೇಡಂ? ಪಾಸ್‌ಪೋರ್ಟೂ ಹಾಕಿದೀನಿ. ಹೋಗ್ತಾ ಕಾರ್ ನಿಲ್ಲಿಸಿ ತಗೋತೀವಿ."

ನನಗೆ ಇದರಲ್ಲಿ ನಂಬಿಕೆಯಿಲ್ಲ. ಕಾಲಿಗೆ ತೊಡರುವ ಸಾಮಾನೂ ಸೇರದು. ಚೀಲವನ್ನು ಬೀರುವಿನಲ್ಲಿಟ್ಟು ಓದಲು ಕೂತೆ.

ಮೂರೂವರೆಗೆ ಡಲಸ್ ವಿಮಾನ ನಿಲ್ದಾಣದಿಂದ ಕಾತ್ಯಾಯಿನಿಯ ಫೋನು. "ಮೇಡಂ, ಚೀಲ..."

"ಸುರಕ್ಷಿತವಾಗಿದೆ," ಎಂದೆ.

ಕಾರು ಹತ್ತಿದಾಗಿನಿಂದ ಬದರಿನಾಥ ಆ ರೈಲುಮಾರ್ಗಕ್ಕೆ ಸುರಂಗ ಕೊರೆದ ಕಥೆ ಹೇಳುತ್ತಿದ್ದರಂತೆ. ನಲವತ್ತು ಅಡಿ ದೂರದ ನಮ್ಮ ಮನೆ ಇಬ್ಬರ ಕಣ್ಣಿಗೂ ಬಿದ್ದಿಲ್ಲ. ನಾನು ಚೀಲ ಹಿಡಿದು ತಲುಪುವ ಹೊತ್ತಿಗೆ ವಿಮಾನ ಹೋಗಿತ್ತು. ಮರುದಿನ ಹೊರಟರೆ ಹಳ್ಳಿ ಸೇರುವುದು ಭಾನುವಾರ. ಕಾತ್ಯಾಯಿನಿ ಅಳುತ್ತಿದ್ದರು.

"ಅಳಬೇಡ ಕಣೇ. ಪ್ರಯಾಣ ಹತ್ತಕ್ಕೇ ಹೊರಟಿದೆ, ನಾನೊಬ್ನೇ ಮಿಸ್ ಮಾಡ್ಕೊಂಡಿದ್ದು," ಎಂದರು ಬದರಿನಾಥ. ದನಿ ಮಾತ್ರ ಒಡೆದಿತ್ತು.

ಆದರೂ ಮರುದಿನ ಹೋದರು. ಭಾನುವಾರ ಬೆಳಿಗ್ಗೆ ಮೊದಲ ನಿಲ್ದಾಣಕ್ಕೆ ಹಗ್ಗ ಕಟ್ಟಿತ್ತು. ಬೆಂಚಿನ ಮೇಲೆ ಒಬ್ಬ ಅಜ್ಜಿ, ಫ್ಲಾಸ್ಕ್ ಸಮೇತ. ರೈಲಿಲ್ಲವೆಂದು ಗೊತ್ತು, ಆ ಹೊತ್ತಿಗೆ ಅಲ್ಲಿ ಕೂರುವುದು ರೂಢಿ. ಶನಿವಾರದ ರೈಲು ಹೇಗಿತ್ತೆಂದು ಇವರು ತಮ್ಮ ಹಳೆಯ ಜಪಾನಿ ಭಾಷೆಯಲ್ಲಿ ಕೇಳಿದರು. ಪಟ್ಟಣದಿಂದ ಕ್ಯಾಮೆರಾ ಹೊತ್ತವರು ಮುನ್ನೂರು ಜನ ಬಂದು ತುಂಬಿಕೊಂಡಿದ್ದರಂತೆ. ಊರಿನವರೆಲ್ಲ ಪ್ಲಾಟ್‌ಫಾರ್ಮಿನಲ್ಲೇ ಉಳಿದರಂತೆ.

"ಅಜ್ಜಿಗೇ ಜಾಗ ಇಲ್ಲ ಅಂದ್ರೆ ನನಗೆಲ್ಲಿ ಮೇಡಂ?" ಎಂದು ಹಿಂತಿರುಗಿ ಬಂದವರು ನನಗೆ ಹೇಳಿದರು, ಭಾರಿ ಸಮಾಧಾನದಿಂದ.

ಫ್ಲಾಸ್ಕಿನ ಚಹಾ ಕುಡಿದು ಅಜ್ಜಿಯೂ ಇವರೂ ಹಳಿಯ ಪಕ್ಕದಲ್ಲಿ ಮುಂದಿನ ನಿಲ್ದಾಣದವರೆಗೆ ನಡೆದರಂತೆ. ಆಕೆಗೆ ಎಂಬತ್ತೊಂದು. ಎರಡು ಸಲ ನಿಂತು ಇವರಿಗಾಗಿ ಕಾದಳಂತೆ.